ಸಂಪಾದಕರ ಉತ್ತರ: ಕೂಡಿಟ್ಟ ಹಣ ಎಲ್ಲಿ ಹಾಕಲಿ?

ಪ್ರಿಯ ಓದುಗರೇ,

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಕೂಡಿಟ್ಟ ಹಣವಿದೆ, ಬಾಡಿಗೆಗೆ ಜಾಗ ಹಿಡಿದು ಸ್ವಂತ ಸ್ಟುಡಿಯೋ ಮಾಡಲಾ, ಇಲ್ಲಾ ಗೆಳೆಯರ ಆಪ್‌ಗೆ ಹಾಕಲಾ ಅಂತ ಕೇಳಿದ್ದೀರಿ. ಗೆಳೆಯರಿಗೆ ಈಗಾಗಲೇ ಎರಡು ಸಲ ಕೊಟ್ಟಿದ್ದೀರಂತೆ. ‘ಇನ್ನೊಂದೇ ಸಲ ಹಾಕಿದರೆ ಕೆಲಸ ಮುಗಿಯುತ್ತೆ’ ಅನ್ನುತ್ತಿದ್ದಾರಂತೆ. ಆ ಸಾಲು ಓದಿ ನನಗೆ ಆತಂಕವಾಯಿತು. ಹಾಗಾಗಿ ಅಮೆರಿಕದ ಹೆಸರಾಂತ ಲೇಖಕ ಮಾರ್ಕ್ ಟ್ವೈನ್ ಕಥೆಯನ್ನು ನಿಮಗೆ ಹೇಳಲೇಬೇಕು.

ಜೇಮ್ಸ್ ಪೇಜ್ ಎಂಬವರು ಅಚ್ಚಿನ ಮೊಳೆ (ಮುದ್ರಣಕ್ಕೆ ಬಳಸುವ ಲೋಹದ ಅಕ್ಷರ) ಜೋಡಿಸುವ ಯಂತ್ರ ಮಾಡುತ್ತಿದ್ದರು. ಟ್ವೈನ್ ಹುಡುಗನಾಗಿದ್ದಾಗ ಪ್ರೆಸ್ಸಿನಲ್ಲಿ ಕೈಯಾರೆ ಮೊಳೆ ಜೋಡಿಸಿದವರು. ಇಂಥ ಯಂತ್ರ ಎಷ್ಟು ಶ್ರಮ ಉಳಿಸುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1880ರಿಂದ ಹಣ ಹಾಕತೊಡಗಿದರು. ಯಂತ್ರದಲ್ಲಿ ಸುಮಾರು 18,000 ಬಿಡಿಭಾಗ. ಓಡಿದರೆ ಬಲು ಚೆನ್ನಾಗಿ ಓಡುತ್ತಿತ್ತು, ಆದರೆ ಪದೇ ಪದೇ ಕೆಡುತ್ತಿತ್ತು. ಪೇಜ್ ಮತ್ತೆ ಬಿಚ್ಚಿ, ಇನ್ನಷ್ಟು ಸುಧಾರಿಸಲು ಕೂರುತ್ತಿದ್ದರು. ಟ್ವೈನ್ ಮತ್ತೆ ಹಣ ಕೊಡುತ್ತಿದ್ದರು. ಅಷ್ಟರಲ್ಲಿ ಇದೇ ಕೆಲಸಕ್ಕೆ ಲೈನೋಟೈಪ್ ಎಂಬ ಬೇರೆ ಯಂತ್ರ ಬಂತು. 1886ರಲ್ಲೇ ನ್ಯೂಯಾರ್ಕಿನ ಪತ್ರಿಕೆಯೊಂದು ಅದನ್ನು ಬಳಸತೊಡಗಿತು. ಟ್ವೈನ್ ಆಗಲೂ ನಿಲ್ಲಿಸಲಿಲ್ಲ. ಸುಮಾರು 3 ಲಕ್ಷ ಡಾಲರ್ ಹೋಯಿತು. ಹೆಂಡತಿಗೆ ತವರಿನಿಂದ ಬಂದ ಹಣವೂ ಅದರಲ್ಲಿತ್ತು. 1894ರಲ್ಲಿ ದಿವಾಳಿಯಾದರು.

ಅವರಿಗೆ ವ್ಯವಹಾರವೇ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಇದೇ ಟ್ವೈನ್ ತಮ್ಮ ಪ್ರಕಾಶನದಿಂದ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಅವರ ನೆನಪುಗಳ ಪುಸ್ತಕ ತಂದರು. 1886ರಲ್ಲಿ ಅದರ ಗಳಿಕೆಯ ಪಾಲಾಗಿ ಗ್ರಾಂಟ್ ಪತ್ನಿಗೆ 2 ಲಕ್ಷ ಡಾಲರ್ ಚೆಕ್ ಕೊಟ್ಟರು. ಪುಸ್ತಕ, ಓದುಗರು: ಅದು ಅವರದೇ ಕ್ಷೇತ್ರ. ಕೊನೆಗೆ ಸಾಲ ತೀರಿಸಿದ್ದೂ ದೇಶ ದೇಶ ಸುತ್ತಿ ಭಾಷಣ ಮಾಡಿ, ಬರೆದು.

‘ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಕೂಡ ಅನಿಮೇಷನ್ ಚಿತ್ರ ಮಾಡುವ ಪಿಕ್ಸಾರ್‌ಗೆ ವರ್ಷಗಟ್ಟಲೆ ಸುರಿದರಲ್ವಾ?’ ಅಂತ ನೀವು ಕೇಳಬಹುದು. ನಿಜ. 1986ರಲ್ಲಿ ಕೊಂಡ ಆ ಕಂಪನಿ ಬಹಳ ಕಾಲ ನಷ್ಟದಲ್ಲೇ ಇತ್ತು. 2006ರಲ್ಲಿ ಡಿಸ್ನಿ ಅದನ್ನು 740 ಕೋಟಿ ಡಾಲರಿಗೆ ಕೊಂಡಿತು. ಆದರೆ ಜಾಬ್ಸ್ ಹತ್ತಿರ ಕಳೆದುಕೊಂಡರೂ ತಡೆಯುವಷ್ಟು ಹಣವಿತ್ತು. ನಿಮ್ಮದು ಮನೆ ನಡೆಸುವ ಹಣ.

ನಿಮ್ಮಂಥವರು ನೋಡಬೇಕಾದ್ದು ಹಾಲಿವುಡ್ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರನ್ನು. 1977ರ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಅವರು ಜಾಸ್ತಿ ಸಂಭಾವನೆಗೆ ಪಟ್ಟು ಹಿಡಿಯಲಿಲ್ಲ. ಮುಂದಿನ ಭಾಗಗಳ ಹಕ್ಕು, ಆಟಿಕೆ ಮುಂತಾದವುಗಳ ಹಕ್ಕು ತಮಗಿರಲಿ ಅಂದರು. ಅವರು ಆವತ್ತು ಬಿಟ್ಟುಕೊಟ್ಟ ಸಂಬಳವೇ ಬಂಡವಾಳ. ಇಷ್ಟು ಒಳ್ಳೆಯ ಹೂಡಿಕೆಯನ್ನು ಕಲಾವಿದರು ಮಾಡಿದ್ದು ಅಪರೂಪ.

ಸ್ಟುಡಿಯೋ ಈಗ ಬೇಡ. ತಿಂಗಳಾದರೆ ಬಾಡಿಗೆ ಕಟ್ಟಬೇಕಲ್ಲ, ಆಗ ಬಂದ ಕೆಲಸವನ್ನೆಲ್ಲ ಒಪ್ಪಿಕೊಳ್ಳುತ್ತೀರಿ. ಅದರ ಬದಲು ಆರು ತಿಂಗಳ ಮನೆ ಖರ್ಚು ತೆಗೆದಿಟ್ಟು, ಮನಸ್ಸಿನಲ್ಲಿರುವ ಸ್ವಂತ ಪುಸ್ತಕ ಮಾಡಿ. ಪ್ರಕಾಶಕರ ಕರಾರಿಗೆ ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸಿ. ಮೂಲ ಚಿತ್ರಗಳ ಹಕ್ಕು ಯಾರದು, ಬೇರೆ ಭಾಷೆಗೆ ಹೋದರೆ ನಿಮಗೇನು ಬರುತ್ತೆ, ಎಲ್ಲ ಬರವಣಿಗೆಯಲ್ಲಿರಲಿ. ವಕೀಲರ ಫೀಸಿಗೆ ಹಿಂದೆಮುಂದೆ ನೋಡಬೇಡಿ.

ಗೆಳೆಯರಿಗೆ ಮೂರನೇ ಸಲ ಕೊಡಲಾಗುವುದಿಲ್ಲ ಅಂತ ಈ ವಾರವೇ ಹೇಳಿಬಿಡಿ. ನೀವು ತಡ ಮಾಡಿದಷ್ಟೂ ಅವರು ನಿಮ್ಮನ್ನೇ ನಂಬಿ ಕೂರುತ್ತಾರೆ, ಬೇರೆ ಕಡೆ ಹಣ ಹುಡುಕುವುದಿಲ್ಲ.

– ಸಂ.