ಮಗಳು ಟೀನ್ ಪೇಜಂಟ್‌ಗೆ (ಹದಿಹರೆಯದವರ ಸೌಂದರ್ಯ ಸ್ಪರ್ಧೆಗೆ) ಹೋಗುತ್ತಾಳಂತೆ. ಹವ್ಯಾಸ, ಭಾರತೀಯ ಮೂಲ, ಮುಂದಿನ ಗುರಿ ಅಂತ ಫಾರಂನಲ್ಲಿ ಏನು ಬರೆಸಲಿ?

ಮಗಳಿಗೆ ಹದಿನೈದು, ಅಮೆರಿಕದಲ್ಲೇ ಹುಟ್ಟಿದವಳು, ಫಾರಂನ ಈ ಮೂರು ಖಾನೆ ಮುಂದೆ ಇಬ್ಬರೂ ತಲೆ ಕೆಡಿಸಿಕೊಂಡು ಕೂತಿದ್ದೀವಿ ಅಂತ ಬರೆದಿದ್ದೀರಿ. ಎರಡು ವರ್ಷದ ಹಿಂದೆ ನ್ಯೂಜೆರ್ಸಿಯ ನಮ್ಮ ಮನೆಯಲ್ಲೂ ಇದೇ ಕಥೆ. ನನ್ನ ಮಗಳು ಒಂದು ಟೀನ್ ಸ್ಪರ್ಧೆಗೆ ಹೋಗಿದ್ದಳು. ಗೆಲ್ಲಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಮಾಡಿದ ತಪ್ಪು ಅಂದರೆ ಮೂರೂ ಖಾನೆ ನಾನೇ ತುಂಬಿಸಿದ್ದು. ಹವ್ಯಾಸ ಭರತನಾಟ್ಯ, ಮೂಲ ‘ಭವ್ಯ ಭಾರತೀಯ ಪರಂಪರೆ’, ಗುರಿ ಡಾಕ್ಟರ್. ನನ್ನ ತಂಗಿ ಸುಮ್ನೆ ಜಡ್ಜ್ ಥರ ಎದುರಿಗೆ ಕೂತು, "ಪರಂಪರೆ ಅಂದೆಯಲ್ಲ, ಹೋದ ವಾರ ಮನೆಯಲ್ಲಿ ಏನು ಮಾಡಿದೆ ಹೇಳು" ಅಂದಳು. ಹುಡುಗಿ ನನ್ನ ಮುಖ ನೋಡಿದಳು. ಭರತನಾಟ್ಯ ಬಿಟ್ಟು ಆಗಲೇ ನಾಲ್ಕು ವರ್ಷವಾಗಿತ್ತು!

ಜಡ್ಜ್‌ಗಳು ಆ ಕಾಗದ ಹಿಡಿದುಕೊಂಡೇ ಪ್ರಶ್ನೆ ಕೇಳುತ್ತಾರೆ. ಮಿಸ್ ಅಮೆರಿಕದಲ್ಲಾದರೆ ಪ್ರತಿಭೆ ತೋರಿಸುವ ಸುತ್ತು ಇದೆ. 2013ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನೀನಾ ದಾವುಲೂರಿ ಬಾಲಿವುಡ್ ಶೈಲಿಯಲ್ಲಿ ಕುಣಿದು, ಆ ಕಿರೀಟ ಗೆದ್ದ ಮೊದಲ ಭಾರತೀಯ ಮೂಲದವರಾದರು. ಮಿಸ್ ಟೀನ್ ಯುಎಸ್‌ಎಯಲ್ಲಿ ಆ ಸುತ್ತೇ ಇಲ್ಲ. ಅಲ್ಲಿ ಹವ್ಯಾಸ ಏನಿದ್ದರೂ ಬಾಯಲ್ಲೇ ಹೇಳಬೇಕು.

ಕೊನೆಗೆ ಹವ್ಯಾಸದ ಖಾನೆಯಲ್ಲಿ ನನ್ನ ಮಗಳೇ ಬರೆದದ್ದು ಕೇರಂ. ನನಗೆ ನಾಚಿಕೆಯಾಯಿತು, ಇದೂ ಒಂದು ಹವ್ಯಾಸವಾ ಅಂತ. ಆದರೆ ನಮ್ಮ ಬೇಸ್‌ಮೆಂಟ್‌ನಲ್ಲಿ ಅಪ್ಪ ಮಗಳು ಬೋರ್ಡಿಗೆ ಪೌಡರ್ ಉದುರಿಸಿಕೊಂಡು ರಾತ್ರಿ ಹನ್ನೊಂದರವರೆಗೆ ಜಗಳ ಆಡುವುದು ನಿಜ. ಕೆಂಪು ಕಾಯಿ, ಅಂದರೆ ರೆಡ್, ಹಾಕಿದ ಮೇಲೆ ಫಾಲೋ (ಅದರ ಹಿಂದೆಯೇ ನಮ್ಮದೊಂದು ಕಾಯಿ) ಬೀಳದಿದ್ದರೆ ರೆಡ್ ಬೋರ್ಡಿಗೆ ವಾಪಸ್ ಬರುತ್ತದೆ ಅಂತ ಅವಳು ವಿವರಿಸಿದಾಗ ಜಡ್ಜ್ ಒಬ್ಬರು ಪೆನ್ನು ಕೆಳಗಿಟ್ಟು ಕೇಳಿದರಂತೆ.

ಮೂಲದ ಖಾನೆಗೆ ತಿಪಟೂರು ಬಂತು. ನನ್ನ ತವರು ಅದು, ಕೊಬ್ಬರಿಯ ಊರು. ಕಾಯಿಗಳನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ರಜೆಗೆ ಹೋದಾಗ ನಮ್ಮಮ್ಮ ಇವಳನ್ನು ಏಣಿ ಹತ್ತಿಸಿ, ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಲು ಕಲಿಸಿದ್ದರು. ಗುಳುಗುಳು ಅಂದರೆ ಇನ್ನೂ ನೀರಿದೆ. ಗಡಗಡ ಅಂದರೆ ಕೊಬ್ಬರಿ ಆಯ್ತು. ಅದನ್ನೇ ಬರೆದಳು, ನಾಲ್ಕೇ ಸಾಲು. ‘ಭವ್ಯ’ ಹೊಡೆದು ಹಾಕಿದೆವು.

ಗುರಿಯ ವಿಷಯದಲ್ಲಿ ನಮ್ಮಿಬ್ಬರಿಗೆ ಸ್ವಲ್ಪ ಜಾಸ್ತಿಯೇ ಜಟಾಪಟಿ ಆಯಿತು. ಅವಳ ತಾತನಿಗೆ ಸ್ಟ್ರೋಕ್ ಆಗಿ ಮಾತು ನಿಂತಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತಿದ್ದೆವು. 1965ರಿಂದ ಇರುವ ಸಂಸ್ಥೆ. ಆ ಬೇಸಿಗೆಯಲ್ಲಿ ಇವಳೂ ಜೊತೆಗಿದ್ದಳು. ಚಿತ್ರದ ಕಾರ್ಡ್ ತೋರಿಸಿದರೆ ತಾತ ಲೋಟಕ್ಕೆ ‘ಚಮಚ’ ಅನ್ನುವರು, ತಮಗೇ ನಗು ಬರುತ್ತಿತ್ತು. ಸ್ಪೀಚ್ ಥೆರಪಿ ಓದುತ್ತೇನೆ, ಕನ್ನಡದಲ್ಲೂ ಮಾಡುವಷ್ಟು ಕನ್ನಡ ಕಲಿಯುತ್ತೇನೆ ಅಂತ ಅವಳ ಹಟ. ಡಾಕ್ಟರ್ ಅಂದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ ಅನ್ನುವುದು ನನ್ನ ಹಟ. ಅವಳೇ ಗೆದ್ದಳು.

ಎರಡು ಎಚ್ಚರಿಕೆ ಹೇಳಲೇಬೇಕು. ನೀನಾ ಗೆದ್ದ ರಾತ್ರಿಯೇ ಟ್ವಿಟರ್‌ನಲ್ಲಿ ಕೆಲವರು ಅವರನ್ನು ಅರಬ್, ಭಯೋತ್ಪಾದಕಿ ಅಂತೆಲ್ಲ ಬೈದಿದ್ದರು. ಹಾಗಾಗಿ ಮಗಳ ಫೋಟೊ ಹಾಕುವ ಖಾತೆ ನಿಮ್ಮ ಕೈಯಲ್ಲಿರಲಿ. ಇನ್ನೊಂದು, ಬೇಡ ಅನ್ನಿಸಿದರೆ ಬಿಡಬಹುದು ಅಂತ ಅವಳಿಗೆ ಗೊತ್ತಿರಲಿ. ನಮ್ಮ ನ್ಯೂಜೆರ್ಸಿಯ ಉಮಾಸೋಫಿಯಾ ಶ್ರೀವಾಸ್ತವ, ಮೆಕ್ಸಿಕನ್-ಭಾರತೀಯ ಮೂಲದ ಹುಡುಗಿ, 2023ರ ಮಿಸ್ ಟೀನ್ ಯುಎಸ್‌ಎ. ಸಂಸ್ಥೆಯ ದಾರಿಗೂ ತನ್ನ ಮೌಲ್ಯಗಳಿಗೂ ಪೂರ್ತಿ ಹೊಂದುತ್ತಿಲ್ಲ ಅಂತ 2024ರ ಮೇನಲ್ಲಿ ಕಿರೀಟವನ್ನೇ ಬಿಟ್ಟುಕೊಟ್ಟಳು.

ಖರ್ಚು ಕೇಳಿದ್ದಿರಿ. ಫೀಸ್ ಒಂದೇ ಅಲ್ಲ, ಗೌನ್, ಹೋಟೆಲ್, ಮೇಕಪ್ ಎಲ್ಲ ಸೇರುತ್ತದೆ. ಕೋಚ್ ಒಬ್ಬರಿಗೆ ಕೊಟ್ಟ ದುಡ್ಡು ಮಾತ್ರ ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ‘ಭವ್ಯ ಪರಂಪರೆ’ ಅವರದೇ ಸಲಹೆ.

ಹಾಂ, ಹೀಲ್ಸ್ ಅಭ್ಯಾಸ ಕಾರ್ಪೆಟ್ ಮೇಲೆ ಮಾಡಿಸಬೇಡಿ. ಸ್ಟೇಜ್ ಜಾರುತ್ತದೆ. ಅಡುಗೆಮನೆಯ ಟೈಲ್ಸ್ ಮೇಲೆ ನಡೆಸಿ.