‘ಚಾಮರಾಜನಗರ’ದೊಳಗೆ ಎಷ್ಟು ಪದ?

ಮೈಸೂರಿನ ನಿಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ‘ಚಾಮರಾಜನಗರ’ದಿಂದ ಪದ ಹುಡುಕುವ ಆಟ ಇಟ್ಟಿದ್ದೀರಿ, ‘ರಾ’ವನ್ನು ‘ರ’ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಬೇಡ. ಒಂದು ಅಕ್ಷರಕ್ಕೆ ಒಂದು ಚೀಟಿ, ದೀರ್ಘ ಸಮೇತ: ಚಾ, ಮ, ರಾ, ಜ, ನ, ಗ, ರ. ಒಡೆಯೋಕೆ ಬಿಟ್ಟರೆ ಮಕ್ಕಳು ದೀರ್ಘ ಕಿತ್ತು ಎಲ್ಲದಕ್ಕೂ ಅಂಟಿಸುತ್ತಾರೆ, ಅಂಕ ಹಾಕೋರಿಗೆ ದೇವರೇ ಗತಿ!

ಸಾಲಾಗಿ ಓದಿದರೆ ರಾಜ, ಜನ, ನಗರ ಎಲ್ಲರಿಗೂ ಸಿಗುತ್ತವೆ. ಮಜಾ ಇರೋದು ಚೀಟಿ ಕಲಸಿದಾಗ. ‘ರ’ವನ್ನು ಕೊನೆಗಿಟ್ಟು ಉಳಿದವನ್ನು ಮುಂದೆ ಜೋಡಿಸುತ್ತಾ ಹೋಗಿ: ಮರ, ನರ, ಚಾಮರ. ಆಮೇಲೆ ‘ಗ’ ಕೊನೆಗಿಡಿ: ಮಗ, ರಾಗ, ಜಗ. ಜಗ ತಿರುಗಿಸಿದರೆ ಗಜ. ಆದರೆ ‘ಗಜರಾಜ’ ಬರೆದರೆ ಅಂಕ ಇಲ್ಲ, ಇರೋದು ಒಂದೇ ‘ಜ’ ಅಲ್ವಾ?

‘ಗಮನ’ ಸರಿ. ಅದೇ ಮೂರು ಚೀಟಿಯ ‘ಮಗನ’ ನಾನಾದರೆ ಒಪ್ಪುವುದಿಲ್ಲ. ವಿಭಕ್ತಿ ಹಚ್ಚಿದ ಪದ ಬಿಟ್ಟುಕೊಂಡರೆ ಜಗಳ ಜಾಸ್ತಿ.

ದೊಡ್ಡ ಬಹುಮಾನ ಇದಕ್ಕಿಡಿ: ಚಾ, ಜ ಪಕ್ಕಕ್ಕಿಟ್ಟು ಉಳಿದ ಐದನ್ನು ಜೋಡಿಸಿದರೆ ರಾಮನಗರ! 1997ರವರೆಗೆ ಮೈಸೂರು ಜಿಲ್ಲೆಯಲ್ಲೇ ಇದ್ದ ಊರಿನ ಹೊಟ್ಟೆಯಲ್ಲಿ ಬೆಂಗಳೂರು ದಾರಿಯ ಊರು.