ಗುಜರಿ ಟರ್ಬೊಗೆ ಎಣ್ಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಲಾರಿ ಎಂಜಿನ್ನಿನಿಂದ ಬಿಚ್ಚಿದ ಟರ್ಬೊಚಾರ್ಜರ್ (ಶಾಫ್ಟಿನ ಒಂದು ತುದಿಯಲ್ಲಿ ಬಿಸಿ ಹೊಗೆಯಿಂದ ತಿರುಗುವ ಟರ್ಬೈನ್ ಚಕ್ರ, ಇನ್ನೊಂದು ತುದಿಯಲ್ಲಿ ಗಾಳಿ ಒತ್ತುವ ಕಾಂಪ್ರೆಸರ್ ಚಕ್ರ) ಒಂದು ಗುಜರಿಯಲ್ಲಿ ಸಿಕ್ಕಿದೆ. ಅದಕ್ಕೆ ದಹನಕೋಣೆ ಜೋಡಿಸಿ, ಗ್ಯಾಸಿನಲ್ಲಿ ಓಡುವ ಪುಟ್ಟ ಜೆಟ್ ಎಂಜಿನ್ ಮಾಡಬೇಕೆಂದಿದ್ದೇನೆ. ಬೇರಿಂಗಿಗೆ ಗ್ರೀಸ್ ತುಂಬಿದರೆ ಸಾಲದೇ? ಅಥವಾ ಮೇಲೊಂದು ಡಬ್ಬಿ ತೂಗುಹಾಕಿ ಎಣ್ಣೆ ತೊಟ್ಟಿಕ್ಕಿಸಬಹುದೇ?

ಉತ್ತರ: ಎರಡೂ ಆಗದು. ಲಾರಿಯ ಟರ್ಬೊಗಳಲ್ಲಿ ಸಾಮಾನ್ಯವಾಗಿ ಬಾಲ್ ಬೇರಿಂಗ್ ಇರುವುದಿಲ್ಲ. ಶಾಫ್ಟನ್ನು ಸುತ್ತುವರಿದ ಕಂಚಿನ ಕೊಳವೆಗಳು, ಎಂದರೆ ಬುಷ್‌ಗಳಿರುತ್ತವೆ. ಬುಷ್ಷಿನ ಒಳಗೂ ಹೊರಗೂ ಎಣ್ಣೆಯ ಪದರ, ಅದರ ದಪ್ಪ ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ನಿಮಿಷಕ್ಕೆ 80,000–1,00,000 ಸುತ್ತು ತಿರುಗುವ ಶಾಫ್ಟ್ ಈ ಪದರದ ಮೇಲೆ ತೇಲುತ್ತಿರುತ್ತದೆ. ಎಣ್ಣೆಗೆ ಇನ್ನೊಂದು ಕೆಲಸವೂ ಇದೆ: ಟರ್ಬೈನ್ ಕಡೆಯಿಂದ ಹರಿದುಬರುವ ಬಿಸಿಯನ್ನು ಹೊತ್ತೊಯ್ಯುವುದು. ಗ್ರೀಸ್ ಹರಿಯುವುದಿಲ್ಲ, ಇದ್ದಲ್ಲೇ ಸುಟ್ಟು ಕರಿಯಾಗುತ್ತದೆ. ಇನ್ನು ತೂಗುಡಬ್ಬಿಯ ವಿಚಾರ: ಬೇರಿಂಗಿಗೆ 2–3 ಬಾರ್ ಒತ್ತಡ ಬೇಕು (1 ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು). ಬರೀ ಎತ್ತರದಿಂದ 2 ಬಾರ್ ಸಿಗಬೇಕಾದರೆ ಡಬ್ಬಿಯನ್ನು ಸುಮಾರು 24 ಮೀಟರ್ ಮೇಲೆ, ಎಂದರೆ ಏಳು-ಎಂಟು ಮಹಡಿಯ ಕಟ್ಟಡದ ನೆತ್ತಿಯಲ್ಲಿ ಇಡಬೇಕಾದೀತು.

ಆದ್ದರಿಂದ ಪಂಪು ಬೇಕೇ ಬೇಕು. 4–5 ಲೀಟರಿನ ಟ್ಯಾಂಕ್, ನಿಮಿಷಕ್ಕೆ 5 ಲೀಟರ್ ಸಾಗಿಸುವ ಗೇರ್ ಪಂಪ್, ಅದನ್ನು ತಿರುಗಿಸಲು 12 ವೋಲ್ಟಿನ 100–150 ವಾಟ್ ಮೋಟಾರು ತೆಗೆದುಕೊಳ್ಳಿ. ಲೆಕ್ಕದಲ್ಲಿ 25 ವಾಟ್ ಸಾಕೆನಿಸುತ್ತದೆ, ಆದರೆ ತಣ್ಣಗಿನ ಗಟ್ಟಿ ಎಣ್ಣೆ ಆ ಲೆಕ್ಕ ಕೇಳುವುದಿಲ್ಲ. ಪೆಟ್ರೋಲ್ ಪಂಪು, ಗಾಜು ತೊಳೆಯುವ ನೀರಿನ ಪಂಪುಗಳನ್ನು ಇಲ್ಲಿಗೆ ತರಬೇಡಿ. ಪಂಪು ಟ್ಯಾಂಕಿನ ಎಣ್ಣೆಮಟ್ಟಕ್ಕಿಂತ ಕೆಳಗಿರಲಿ, ಎಳೆದುಕೊಳ್ಳುವ ಹೋಸು ದಪ್ಪವೂ ಗಿಡ್ಡವೂ ಆಗಿರಲಿ. ಇಲ್ಲದಿದ್ದರೆ ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ.

ಪಂಪಿನ ನಂತರ 3 ಬಾರ್ ಒತ್ತಡಕ್ಕೆ ಹೊಂದಿಸಿದ ರಿಲೀಫ್ ವಾಲ್ವ್, ಹೆಚ್ಚಾದದ್ದು ಅದರ ಮೂಲಕ ಟ್ಯಾಂಕಿಗೆ ವಾಪಸ್. ಅದರಾಚೆ 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಫಿಲ್ಟರ್. ಎಂಜಿನ್ ಫಿಲ್ಟರುಗಳಲ್ಲಿ ಹಲವಕ್ಕೆ ಒಳಗೇ ಬೈಪಾಸ್ ವಾಲ್ವ್ ಇರುತ್ತದೆ. ಎಣ್ಣೆ ತಣ್ಣಗೆ ಗಟ್ಟಿಯಾಗಿದ್ದಾಗ ಅದು ತೆರೆದು, ಸೋಸದ ಎಣ್ಣೆಯನ್ನೇ ಮುಂದಕ್ಕೆ ಬಿಡುತ್ತದೆ. ಎಣ್ಣೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಶುರುಮಾಡಿದರೆ ಈ ತೊಂದರೆ ಕಡಿಮೆ. ಒತ್ತಡದ ಗೇಜನ್ನು ಪಂಪಿನ ಬಳಿ ಹಾಕಿ ಸಮಾಧಾನಪಡಬೇಡಿ, ಫಿಲ್ಟರ್ ದಾಟಿದ ಮೇಲೆ, ಟರ್ಬೊದ ಬಾಯಿಯಲ್ಲೇ ಹಾಕಿ. ಅಲ್ಲೇ ಒಂದು ಪ್ರೆಷರ್ ಸ್ವಿಚ್ ಕೂಡಿಸಿ ಗ್ಯಾಸಿನ ಸೊಲೆನಾಯ್ಡ್ ವಾಲ್ವಿಗೆ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಜೋಡಿಸಿ. ಓಡುವಾಗ ಒತ್ತಡ ಕುಸಿದರೆ ಗ್ಯಾಸ್ ತಾನಾಗಿ ನಿಲ್ಲಬೇಕು. ಎಣ್ಣೆ ನಿಂತರೆ ಬುಷ್ ಹಾಳಾಗಲು ಕೆಲವೇ ಸೆಕೆಂಡು ಸಾಕು, ಕೈ ವಾಲ್ವಿನತ್ತ ಹೋಗುವಷ್ಟೂ ಪುರುಸೊತ್ತಿರುವುದಿಲ್ಲ.

ಕೀಲುಗಳ ಥ್ರೆಡ್ಡಿಗೆ ಟೆಫ್ಲಾನ್ ಟೇಪು, ಬೋಲ್ಟಿನಿಂದ ಕೂಡಿಸುವ ಚಪ್ಪಟೆ ಅಂಚಿಗೆ (ಫ್ಲಾಂಜ್) ಸಿಲಿಕೋನ್ ಅಂಟು ಬಳಸಬೇಡಿ. ಕಿತ್ತುಹೋದ ಒಂದು ಚೂರು ಬೇರಿಂಗಿನ ಸಣ್ಣ ತೂತನ್ನು ಮುಚ್ಚಿದರೆ, ಗೇಜ್ ಒಳ್ಳೆಯ ಒತ್ತಡವನ್ನೇ ತೋರಿಸುತ್ತಿರುತ್ತದೆ, ಬುಷ್ ಮಾತ್ರ ಒಣಗಿರುತ್ತದೆ.

ಪ್ರಶ್ನೆ: ಪಂಪು, ಫಿಲ್ಟರ್ ಎಲ್ಲ ಸರಿಯಿದೆ, ಒತ್ತಡ 3 ಬಾರ್. ಆದರೂ ಹಿಂದಿನಿಂದ ದಟ್ಟ ಬಿಳಿ ಹೊಗೆ. ಕಾಂಪ್ರೆಸರ್ ಕಡೆಯೂ ಎಣ್ಣೆ ಜಿನುಗುತ್ತದೆ. ಸೀಲ್ ರಿಂಗ್ ಬದಲಿಸಿದರೂ ಗುಣವಾಗಲಿಲ್ಲ.

ಉತ್ತರ: ರಿಂಗಿನ ತಪ್ಪಿಲ್ಲ. ಟರ್ಬೊದಲ್ಲಿರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ತೆಳು ಲೋಹದ ಉಂಗುರ. ಅದು ಮುಖ್ಯವಾಗಿ ಅನಿಲವನ್ನು ತಡೆಯಲು ಇರುವಂಥದು. ಬೇರಿಂಗ್ ಕೋಣೆಯಲ್ಲಿ ಎಣ್ಣೆ ಶಾಫ್ಟಿನ ಮಟ್ಟಕ್ಕೆ ಏರಿತೆಂದರೆ ಎಂಥ ಹೊಸ ರಿಂಗೂ ಅದನ್ನು ಹಿಡಿದಿಡಲಾರದು. ಹೊರಹೋಗುವ ದಾರಿಯನ್ನು ನೋಡಿ. ಒಳಬರುವ ತೂತು ಸಣ್ಣದು, ಹೊರಹೋಗುವುದು ದೊಡ್ಡದು, ಏಕೆ? ಬೇರಿಂಗಿನಿಂದ ಬೀಳುವ ಎಣ್ಣೆಗೆ ಒತ್ತಡವೇ ಇರುವುದಿಲ್ಲ, ಜೊತೆಗೆ ಗಾಳಿ ಬೆರೆತು ನೊರೆಯಾಗಿರುತ್ತದೆ. ಅದು ತನ್ನ ಭಾರದಿಂದಲೇ ಇಳಿಯಬೇಕು.

ಹೊರಹೋಗುವ ಹೋಸಿನ ಒಳವ್ಯಾಸ ಕನಿಷ್ಠ 16, ಸಾಧ್ಯವಾದರೆ 19 ಮಿ.ಮೀ. ಇರಲಿ. ಎಲ್ಲಿಯೂ ಜೋತುಬಿದ್ದು ಮತ್ತೆ ಮೇಲೇರಬಾರದು, ಮಡಿಚಿಕೊಳ್ಳಬಾರದು. ಟ್ಯಾಂಕಿಗೆ ಸೇರುವ ತುದಿ ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ತೆರೆದುಕೊಳ್ಳಲಿ. ಟ್ಯಾಂಕಿಗೆ ಗಾಳಿಯಾಡುವ ದಾರಿ ಇದೆಯೇ? ರಿಂಗ್ ದಾಟಿ ನುಸುಳುವ ಅನಿಲ ಎಣ್ಣೆಯೊಂದಿಗೆ ಟ್ಯಾಂಕಿಗೇ ಬರುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಅದು ಎಣ್ಣೆಯನ್ನು ಹಿಂದಕ್ಕೆ ಒತ್ತುತ್ತದೆ. ಟರ್ಬೊವನ್ನು ಓರೆಯಾಗಿ ಕೂಡಿಸಿದ್ದರೆ ಅದನ್ನೂ ಸರಿಪಡಿಸಿ: ಒಳತೂತು ನೇರ ಮೇಲೆ, ಹೊರತೂತು ನೇರ ಕೆಳಗೆ, ಹೆಚ್ಚೆಂದರೆ 15 ಡಿಗ್ರಿ ವಾಲಬಹುದು. ಎರಡೂ ಕಡೆಯ ಕವಚಗಳ ಬೋಲ್ಟ್ ಸಡಿಲಿಸಿದರೆ ನಡುಭಾಗವನ್ನು ಬೇಕಾದಂತೆ ತಿರುಗಿಸಿಕೊಳ್ಳಬಹುದು. ಟ್ಯಾಂಕನ್ನು ಕೆಳಗಿಡಲು ಜಾಗವೇ ಇಲ್ಲವಾದರೆ ಎಣ್ಣೆ ಹೀರಿ ತೆಗೆಯಲು ಎರಡನೇ ಪಂಪು ಬೇಕು. ನೊರೆಯನ್ನೂ ಎಳೆಯಬೇಕಾದ್ದರಿಂದ ಅದರ ಸಾಮರ್ಥ್ಯ ಮೊದಲನೆಯದರ ಎರಡರಷ್ಟಾದರೂ ಇರಬೇಕು.

ಇಷ್ಟೂ ಸರಿಯಿದ್ದರೆ ಉಳಿಯುವುದು ಶುರುಮಾಡುವ ಕ್ರಮ. ಶಾಫ್ಟ್ ನಿಂತಿರುವಾಗ ಚಕ್ರಗಳ ಹಿಂದೆ ಗಾಳಿಯ ಒತ್ತಡವಿರುವುದಿಲ್ಲ. ಆಗ 3 ಬಾರಿನಲ್ಲಿ ಎಣ್ಣೆ ಹರಿಸಿದರೆ ಅದು ಹೊರಗೆ ಬರುವುದು ಸಹಜ. ಮೊದಲು 1 ಬಾರಿನಷ್ಟು ಕೊಟ್ಟು, ಕೂಡಲೇ ಬ್ಲೋವರಿನಿಂದ ಗಾಳಿ ಊದಿ ಶಾಫ್ಟನ್ನು ತಿರುಗಿಸಿ. ಎಂಜಿನ್ ತನ್ನ ಕಾಲಮೇಲೆ ನಿಂತ ಮೇಲೆ 2–3 ಬಾರ್ ಒತ್ತಡಕ್ಕೆ ಏರಿಸಿ. ಈಗಾಗಲೇ ಟರ್ಬೈನ್ ಕವಚದಲ್ಲಿ ನಿಂತಿರುವ ಎಣ್ಣೆಯನ್ನು ಒರೆಸದೆ ಬೆಂಕಿ ಹಚ್ಚಬೇಡಿ. ಆ ಎಣ್ಣೆ ಹೊತ್ತಿಕೊಂಡರೆ ಗ್ಯಾಸ್ ವಾಲ್ವ್ ಮುಚ್ಚಿದರೂ ಜ್ವಾಲೆ ನಿಲ್ಲುವುದಿಲ್ಲ.

ಪ್ರಶ್ನೆ: ಯಾವ ಎಣ್ಣೆ? ಎಣ್ಣೆ ತಣಿಸುವ ಕೂಲರ್ ಅಗತ್ಯವೇ?

ಉತ್ತರ: ಪೂರ್ಣ ಸಿಂಥೆಟಿಕ್ 5ಡಬ್ಲ್ಯೂ-40 (ಎಣ್ಣೆಯ ದಪ್ಪ ಹೇಳುವ ಗ್ರೇಡ್) ಎಂಜಿನ್ ಆಯಿಲ್ ಒಳ್ಳೆಯದು. 20ಡಬ್ಲ್ಯೂ-50ಯಂಥ ದಪ್ಪ ಎಣ್ಣೆ ತಣ್ಣಗಿದ್ದಾಗ ಗೇಜಿನ ಮುಳ್ಳನ್ನು ಮೇಲೇರಿಸುತ್ತದೆ, ಆದರೆ ಹರಿಯುವುದು ಕಡಿಮೆ, ಶಾಫ್ಟನ್ನೂ ಹಿಡಿದೆಳೆಯುತ್ತದೆ.

ಕೂಲರ್ ಬಗ್ಗೆ ಲೆಕ್ಕವೇ ಮಾತಾಡಲಿ. ನಿಮಿಷಕ್ಕೆ 3 ಲೀಟರ್ ಹರಿದು, ಬೇರಿಂಗ್ ದಾಟುವಾಗ 30 ಡಿಗ್ರಿ ಬಿಸಿಯೇರಿದರೆ ಎಣ್ಣೆ ಹೊತ್ತೊಯ್ಯುವುದು ಸುಮಾರು 2.5 ಕಿಲೋವಾಟ್. ಇಷ್ಟು ಬಿಸಿಯಲ್ಲಿ ಟ್ಯಾಂಕಿನ 5 ಲೀಟರ್ ಎಣ್ಣೆ 30ರಿಂದ 100 ಡಿಗ್ರಿಗೆ ಏರಲು ನಾಲ್ಕೇ ನಿಮಿಷ. ಒಂದೆರಡು ನಿಮಿಷ ಓಡಿಸಿ ನಿಲ್ಲಿಸುವವರಿಗೆ ಟ್ಯಾಂಕೇ ಸಾಕು. ಅದಕ್ಕಿಂತ ಹೆಚ್ಚಾದರೆ ಫ್ಯಾನ್ ಇರುವ ಕೂಲರ್ ಹಾಕಿ. ಅದು ಒತ್ತಡದ ಕಡೆಯೇ ಇರಲಿ, ಹೊರಹೋಗುವ ಹೋಸಿನಲ್ಲಿಟ್ಟರೆ ನೊರೆ ಅಲ್ಲೇ ಕಟ್ಟಿಕೊಳ್ಳುತ್ತದೆ.

ನಿಲ್ಲಿಸುವಾಗ ಗ್ಯಾಸ್ ಮಾತ್ರ ಮುಚ್ಚಿ, ಬ್ಲೋವರಿನಿಂದ ಗಾಳಿ ಹಾಯಿಸುತ್ತಾ ಪಂಪನ್ನು 1 ಬಾರ್ ಒತ್ತಡಕ್ಕೆ ಇಳಿಸಿ ಓಡಿಸುತ್ತಿರಿ. ಕೆಂಪಗೆ ಕಾದ ಟರ್ಬೈನಿನ ಬಿಸಿ ನಿಂತ ಮೇಲೂ ಶಾಫ್ಟಿನುದ್ದಕ್ಕೂ ಒಳಬರುತ್ತದೆ. ಅಲ್ಲಿ ನಿಂತ ಎಣ್ಣೆ ಗಟ್ಟಿ ಕರಿಯಾಗಿ ತೂತು ಮುಚ್ಚುತ್ತದೆ. ಹೊರಬರುವ ಎಣ್ಣೆ 80 ಡಿಗ್ರಿಗಿಂತ ಕೆಳಗಿಳಿಯುವವರೆಗೆ, ಸಾಮಾನ್ಯವಾಗಿ 5–10 ನಿಮಿಷ, ಕಾಯಬೇಕು. ಮನೆಯ ಕರೆಂಟಿಗಿಂತ ಬ್ಯಾಟರಿಯ ಮೋಟಾರು ವಾಸಿ ಎನ್ನುವುದು ಇದಕ್ಕೇ.

ಪ್ರಶ್ನೆ: ನನ್ನದು ಬಾಲ್ ಬೇರಿಂಗ್ ಟರ್ಬೊ. ಇದೇ ವ್ಯವಸ್ಥೆ ಹೊಂದುತ್ತದೆಯೇ?

ಉತ್ತರ: ಹೊಂದುತ್ತದೆ, ಆದರೆ ಅದಕ್ಕೆ ಬೇಕಾದ ಎಣ್ಣೆ ಬಹಳ ಕಡಿಮೆ. ಒಳತೂತಿನಲ್ಲಿ ಸುಮಾರು 1 ಮಿ.ಮೀ. ರಂಧ್ರದ ತಡೆ ಹಾಕಿ. ಕೆಲವದರಲ್ಲಿ ಅದು ತಯಾರಿಯಲ್ಲೇ ಇರುತ್ತದೆ, ನೋಡಿಕೊಂಡು ಹಾಕಿ. ರಂಧ್ರ ಇಷ್ಟು ಸಣ್ಣದಾದ್ದರಿಂದ ಫಿಲ್ಟರ್ ವಿಷಯದಲ್ಲಿ ಉದಾಸೀನ ಮಾಡುವಂತಿಲ್ಲ. ಬುಷ್ ಬೇರಿಂಗಿನ ಟರ್ಬೊಗೆ ಮಾತ್ರ ಈ ತಡೆ ಹಾಕಬೇಡಿ, ಅದು ಎಣ್ಣೆಯಿಲ್ಲದೆ ಒಣಗುತ್ತದೆ.